ಜಿಲೇಬಿ ಮೀನನ್ನು ಕೆರೆಯಲ್ಲೇ ತಡೆಯೋಣ

ಮಾರ್ಚ್ ಬಂತು. ಕಾಫಿಗೆ ಹೂ ಅರಳಿಸುವ ನೀರು ಕೊಟ್ಟಾಯಿತು, ಹೂ ಕಾಯಿ ಕಟ್ಟಲಿ ಅಂತ ಕೊಡುವ ಬ್ಯಾಕಿಂಗ್ ನೀರೂ ಕೊಟ್ಟಾಯಿತು. ನಮ್ಮ ಕಡೆಯ ಕಾಫಿ ತೋಟಗಳ ಕೆರೆಗಳೆಲ್ಲ ಈಗ ತಳ ಕಾಣುತ್ತಿವೆ. ಹೊಳೆಗೆ ಸೇರಬಾರದ ಮೀನನ್ನು ತಡೆಯೋಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಗುಡುಗು ಮಳೆ ಶುರುವಾದರೆ ಕೆರೆಗೆ ಮತ್ತೆ ನೀರು ಬರುತ್ತದೆ, ಜೂನ್‌ನಲ್ಲಿ ಕೋಡಿ ಬೀಳುತ್ತದೆ. ಆಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ನಮ್ಮದು ನೆಲ್ಯಹುದಿಕೇರಿಯ ಹತ್ತಿರದ ಸಣ್ಣ ತೋಟ. ರೋಬಸ್ಟಾ, ಮೆಣಸು, ನೆರಳಿಗೆ ಸಿಲ್ವರ್ ಓಕ್. ತೋಟದ ತಗ್ಗಿನಲ್ಲಿ ಒಂದು ಕೆರೆ, ಅದರ ಕೆಳಗೆ ಗದ್ದೆ, ಗದ್ದೆಯ ಅಂಚಿನಲ್ಲಿ ತೋಡು. ಆ ತೋಡು ಹೋಗಿ ಸೇರುವುದು ಕಾವೇರಿಗೆ. ಕೊಡಗಿನ ಬಹುಪಾಲು ಕೆರೆಗಳ ದಾರಿ ಇದೇ ಅಲ್ವಾ? ನಾವು ಕೆರೆಗೆ ಏನು ಬಿಡುತ್ತೇವೋ ಅದು ಒಂದಲ್ಲ ಒಂದು ಮಳೆಗಾಲದಲ್ಲಿ ಹೊಳೆಗೆ ಇಳಿಯುತ್ತದೆ.

ಜಿಲೇಬಿ ಅಂತ ನಾವೆಲ್ಲ ಕರೆಯುವ ಮೀನು ತಿಲಾಪಿಯಾ. ಆಫ್ರಿಕಾದ್ದು. ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದಿದ್ದು 1952ರಲ್ಲಿ. ಬಡವರಿಗೆ ಅಗ್ಗದ ಮೀನು ಸಿಗಲಿ ಅನ್ನುವ ಒಳ್ಳೆಯ ಉದ್ದೇಶದಿಂದಲೇ ತಂದರು. ಆದರೆ ಅದು ಕೆರೆಯಲ್ಲಿ ಉಳಿಯಲಿಲ್ಲ. ಈಗ ಸಿದ್ದಾಪುರ ರಸ್ತೆಯ ಸೇತುವೆಯ ಕೆಳಗೆ ಗಾಳ ಹಾಕಿ ಕೂತವರನ್ನು ಏನು ಸಿಕ್ಕಿತು ಅಂತ ಕೇಳಿದರೆ ಜಿಲೇಬಿ ಅನ್ನುವ ಉತ್ತರವೇ ಜಾಸ್ತಿ.

ಮೀನುಮರಿ ಮಾರೋಕೆ ಬೈಕಿನಲ್ಲಿ ಬಂದವನೊಬ್ಬ ನನಗೆ ಇದರ ಗುಣಗಾನ ಮಾಡಿದ್ದ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸುತ್ತಾ, "ಅಕ್ಕಾ, ಇದಕ್ಕೆ ರೋಗ ಇಲ್ಲ. ಏನು ಹಾಕಿದ್ರೂ ತಿನ್ನತ್ತೆ. ನೀರು ಕೆಟ್ಟರೂ ಸಾಯಲ್ಲ. ಒಂದು ಸಲ ಬಿಟ್ರೆ ಸಾಕು, ಮತ್ತೆ ಮರಿ ತರೋದೇ ಬೇಡ" ಅಂದ. ರೋಗ ಇಲ್ಲ ಅಂದಿದ್ದು ಬಿಟ್ಟರೆ ಅವನು ಹೇಳಿದ್ದು ನಿಜ. ಆ ಒಂದೊಂದು ಗುಣವೂ ಹೊಳೆಗೆ ಅಪಾಯ. ಏನು ಹಾಕಿದರೂ ತಿನ್ನುವ ಮೀನು ಹೊಳೆಯಲ್ಲಿ ಪಾಚಿಯನ್ನೂ ತಿನ್ನುತ್ತದೆ, ಹುಳವನ್ನೂ ತಿನ್ನುತ್ತದೆ, ಬೇರೆ ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ. ಮತ್ತೆ ಮರಿ ತರಬೇಕಾಗಿಲ್ಲ ಅಂದರೆ ಅದನ್ನು ಯಾರೂ ಮುಗಿಸೋಕೆ ಆಗುವುದಿಲ್ಲ ಅಂತಲೇ ಅರ್ಥ. "ಎಲ್ಲ ಗಂಡು ಮರಿಗಳೇ, ಹೆಚ್ಚುವುದಿಲ್ಲ" ಅಂತ ಮಾರುವವರೂ ಇದ್ದಾರೆ. ಹಾರ್ಮೋನು ಕೊಟ್ಟು ಗಂಡು ಮಾಡಿದ ಮರಿಗಳ ನಡುವೆ ಹೆಣ್ಣು ಉಳಿದಿರಬಹುದು. ಕೆಲವು ಹೆಣ್ಣು ಉಳಿದರೂ ಸಾಕು.

ಯಾಕೆ ಸಾಕು ಅನ್ನುವುದನ್ನು ನಾನು ನಮ್ಮ ಕೆರೆಯಲ್ಲೇ ಕಣ್ಣಾರೆ ನೋಡಿದೆ. ಕಳೆದ ಬೇಸಿಗೆಯಲ್ಲಿ ನೀರು ಇಳಿದು ನಡುವಿನ ಗುಂಡಿ ಮಾತ್ರ ಉಳಿದಿತ್ತು. ದಡದ ಹತ್ತಿರ ಒಣಗಿದ ತಳದಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಂಡು ಕುಳಿಗಳು ಒಂದರ ಪಕ್ಕ ಒಂದು ಕಾಣುತ್ತಿದ್ದವು. ಗಂಡು ಜಿಲೇಬಿ ಬಾಯಿಯಲ್ಲಿ ಮಣ್ಣು ಕಚ್ಚಿ ಉಗುಳಿ ಮಾಡಿದ ಕುಳಿಗಳು ಅವು. ಹೆಣ್ಣು ಅಲ್ಲಿ ಬಂದು ಮೊಟ್ಟೆ ಇಟ್ಟು, ತಕ್ಷಣ ಅದನ್ನೆಲ್ಲ ಬಾಯಿಗೆ ತುಂಬಿಕೊಂಡು ಹೊರಟುಬಿಡುತ್ತದೆ. ನಮ್ಮ ಲೈನ್‌ಮನೆಯ ಹುಡುಗ ಬೀಸುಬಲೆ ಎಸೆದು ಎಳೆದಾಗ ಅಂಗೈಯಷ್ಟು ಅಗಲದ ಒಂದು ಹೆಣ್ಣು ಸಿಕ್ಕಿತು. ಗಂಟಲು ಉಬ್ಬಿತ್ತು. ಅವನು ಅದನ್ನು ತಲೆಕೆಳಗೆ ಮಾಡಿ ಬಕೆಟ್ಟಿನ ನೀರಿನ ಮೇಲೆ ಹಿಡಿದ. ಬಾಯಿಯಿಂದ ಮರಿಗಳು ಉದುರಿದವು. ಎರಡು ಕಪ್ಪು ಕಣ್ಣು, ಹಿಂದೆ ಕೂದಲಿನಂಥ ಬಾಲ, ಅಷ್ಟೇ. ಆದರೂ ನೀರಿಗೆ ಬಿದ್ದ ಕೂಡಲೇ ಎಲ್ಲ ಗುಂಪಾಗಿ ಬಕೆಟ್ಟಿನ ಅಂಚು ಹಿಡಿದು ಸುತ್ತತೊಡಗಿದವು. ಹುಡುಗ ತಾಯಿಯನ್ನೂ ಬಕೆಟ್ಟಿಗೆ ಬಿಟ್ಟು ಅಲ್ಲಾಡಿಸಿದ. ಮರಿಗಳು ಮತ್ತೆ ತಾಯಿಯ ಬಾಯಿ ಹುಡುಕಿಕೊಂಡು ಹೋದವು.

ನಮ್ಮ ಹೊಳೆಯ ಎಷ್ಟೋ ಮೀನುಗಳು ಮೊಟ್ಟೆಯನ್ನು ನೀರಿಗೆ ಬಿಟ್ಟು ಹೋಗುತ್ತವೆ. ನೆರೆ ಬಂದರೆ ಹೋಯಿತು, ನೀರು ಇಳಿದರೆ ಒಣಗಿತು. ಜಿಲೇಬಿಯ ಮೊಟ್ಟೆ ಮಾತ್ರ ತಾಯಿ ಹೋದಲ್ಲಿಗೆ ಹೋಗುತ್ತದೆ. ಹುಟ್ಟಿದ ಮರಿ ಕೆಲವೇ ತಿಂಗಳಿಗೆ ತಾನೇ ಮರಿ ಮಾಡೋಕೆ ಸಿದ್ಧ. ಜಾಗ ಸಾಲದಿದ್ದರೆ ದೊಡ್ಡದಾಗುವುದನ್ನು ಬಿಟ್ಟು ಸಣ್ಣದಾಗಿರುವಾಗಲೇ ಮೊಟ್ಟೆ ಇಡುತ್ತದೆ. ಹಾಗಾಗಿ ಕೆರೆ ತುಂಬ ಬೆರಳುದ್ದದ ಮೀನು. ಮಾರೋಕೂ ಬರಲ್ಲ, ತಿನ್ನೋಕೂ ಬರಲ್ಲ.

ನಮ್ಮ ಅತ್ತೆ ಮದುವೆಯಾಗಿ ಬಂದ ಕಾಲದಲ್ಲಿ ಮೊದಲ ದೊಡ್ಡ ಮಳೆಗೆ ತೋಡಿನಿಂದ ಗದ್ದೆಗೆ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಹತ್ತಿ ಬರುವ ಮೀನು, ಬರುತ್ತಿತ್ತಂತೆ. ಗದ್ದೆಯ ಬದುವಿನ ಕಂಡಿಗೆ ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಸಾರಿಗೆ ಆಗುವಷ್ಟು ಸಿಗುತ್ತಿತ್ತು. ಈಗ ಗದ್ದೆಗಳೇ ಪಾಳು ಬಿದ್ದಿವೆ, ಕೆಲವು ಕಡೆ ಶುಂಠಿ ಬಂದಿದೆ, ಔಷಧಿ ಹೊಡೆಯುತ್ತಾರೆ. ಹತ್ತುಮೀನು ಕಡಿಮೆಯಾಗಿದ್ದಕ್ಕೆ ಜಿಲೇಬಿ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಸೋತು ಕೂತ ಮೀನುಗಳ ಜಾಗಕ್ಕೆ ಬೇಗ ಬಂದು ಸೇರಿಕೊಳ್ಳುವುದು ಅದೇ.

ಹೊಳೆಗೆ ಇಳಿದು ಎಲ್ಲ ಹಿಡಿದು ಹಾಕೋಣ ಅಂತ ಊರಿನ ಹುಡುಗರು ಉತ್ಸಾಹದಿಂದ ಹೇಳುತ್ತಿರುತ್ತಾರೆ. ಅವರ ಕಾಳಜಿ ನನಗೆ ಇಷ್ಟ. ಹಿಡಿಯಲಿ, ತಿನ್ನಲಿ, ಸಿಕ್ಕ ಜಿಲೇಬಿಯನ್ನು ಸಣ್ಣದು ಅಂತ ವಾಪಸ್ ಮಾತ್ರ ಬಿಡದಿರಲಿ. ಆದರೆ ಬಲೆಯಿಂದ ಹೊಳೆಯ ಜಿಲೇಬಿಯನ್ನು ಮುಗಿಸಿದ ಉದಾಹರಣೆ ನನಗೆ ಎಲ್ಲೂ ಸಿಗಲಿಲ್ಲ. ದೊಡ್ಡದನ್ನು ಹಿಡಿದರೆ ಸಣ್ಣದಕ್ಕೆ ತಿನ್ನೋಕೆ ಜಾಸ್ತಿ ಸಿಗುತ್ತದೆ, ಅದು ಬೇಗ ಬೆಳೆಯುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ರೊಂಡೆಗಾಟ್ ಅಂತ ಒಂದು ಪುಟ್ಟ ಹೊಳೆ ಇದೆ. ಅಮೆರಿಕದಿಂದ ತಂದುಬಿಟ್ಟ ಬಾಸ್ ಮೀನು ಅಲ್ಲಿನ ಸ್ಥಳೀಯ ಮೀನುಗಳನ್ನು ತಿಂದು ಖಾಲಿ ಮಾಡಿತ್ತು. 2012ರಲ್ಲಿ, ಮತ್ತೆ 2013ರಲ್ಲಿ, ರೋಟಿನೋನ್ ಅನ್ನುವ ಗಿಡಮೂಲದ ವಿಷ ಹಾಕಿ ಬಾಸ್ ಅನ್ನು ಪೂರ್ತಿ ತೆಗೆದರು. ಸ್ಥಳೀಯ ಮೀನುಗಳು ಮೇಲಿನಿಂದ ಇಳಿದು ಬಂದು ಮತ್ತೆ ತುಂಬಿಕೊಂಡವು. ಓದುವಾಗ ಸಂತೋಷ ಆಗುತ್ತದೆ. ಆದರೆ ಅವರು ಶುದ್ಧ ಮಾಡಿದ್ದು ಸುಮಾರು 4 ಕಿಲೋಮೀಟರ್ ಮಾತ್ರ. ಕೆಳಗಿನಿಂದ ಬಾಸ್ ಮತ್ತೆ ಹತ್ತದಂತೆ ಅಲ್ಲಿ ಒಂದು ತಡೆಗೋಡೆ ಇತ್ತು. ಕಾವೇರಿ ತಲಕಾವೇರಿಯಿಂದ ಸಮುದ್ರದವರೆಗೆ ಸುಮಾರು 800 ಕಿಲೋಮೀಟರ್. ಅದರ ನೀರನ್ನು ಜನ ಕುಡಿಯುತ್ತಾರೆ. ವಿಷ ಹಾಕುವ ಮಾತೇ ಇಲ್ಲ. ನಮ್ಮಲ್ಲಿ 1897ರ ಮೀನುಗಾರಿಕೆ ಕಾಯ್ದೆಯೇ ಹೊಳೆಗೆ ವಿಷ ಹಾಕುವುದನ್ನೂ ತೋಟೆ ಸಿಡಿಸುವುದನ್ನೂ ಅಪರಾಧ ಅಂದಿದೆ.

ಆಸ್ಟ್ರೇಲಿಯಾದವರು ಮರ್ರೆ ನದಿಯಲ್ಲಿ ಸಾಮಾನ್ಯ ಗೆಂಡೆಗೆ (ಕಾಮನ್ ಕಾರ್ಪ್) ಬೇರೆ ಉಪಾಯ ಮಾಡಿದ್ದಾರೆ. ಅಡ್ಡ ಸಿಕ್ಕಿದರೆ ಗೆಂಡೆ ಎಗರುತ್ತದೆ, ಅಲ್ಲಿನ ಸ್ಥಳೀಯ ಮೀನುಗಳು ಬಹುಪಾಲು ಎಗರುವುದಿಲ್ಲ. ಇದನ್ನೇ ನೋಡಿಕೊಂಡು ಅಡ್ಡಗಟ್ಟೆ ದಾಟಿ ಮೀನು ಮೇಲೆ ಹೋಗಲಿ ಅಂತ ಕಟ್ಟಿದ ಮೆಟ್ಟಿಲಿನಲ್ಲಿ ಒಂದು ಪಂಜರ ಇಟ್ಟರು. ಎಗರಿದ ಗೆಂಡೆ ಪಂಜರದ ಇನ್ನೊಂದು ಭಾಗಕ್ಕೆ ಬೀಳುತ್ತದೆ, ಉಳಿದವು ಮುಂದೆ ಹೋಗುತ್ತವೆ. ಎಷ್ಟು ಗಮನವಿಟ್ಟು ಮೀನನ್ನು ನೋಡಿರಬೇಕು! ಇಷ್ಟೆಲ್ಲ ಮಾಡಿದರೂ ಆ ನದಿಯಲ್ಲಿ ಗೆಂಡೆ ಮುಗಿದಿಲ್ಲ, ಹತೋಟಿಯಲ್ಲಿ ಇಡುವ ಕೆಲಸ ನಡೆಯುತ್ತಲೇ ಇದೆ. ಅದೇ ಗೆಂಡೆಯನ್ನು ನಾವು ಇಲ್ಲಿ ಕೆರೆಗೆ, ಜಲಾಶಯಕ್ಕೆ ಕೈಯಾರೆ ಬಿಡುತ್ತೇವೆ. ಅದು ತಳದ ಕೆಸರು ಕೆದಕಿ ನೀರನ್ನು ಕದಡುತ್ತದೆ, ನೀರಿನ ಗಿಡಗಳ ಬೇರು ಕೀಳುತ್ತದೆ.

ಅದಕ್ಕೇ ನಾನು ಕೆರೆಯ ಹತ್ತಿರವೇ ನಿಂತು ಮಾತಾಡುವುದು. ಹೊಳೆಯಲ್ಲಿ ಆಗದ ಕೆಲಸ ಕೆರೆಯಲ್ಲಿ ಆಗುತ್ತದೆ. ಅದೂ ಕೊಡಗಿನಲ್ಲಿ ಇನ್ನೂ ಸುಲಭ, ಯಾಕೆಂದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಿ ನಾವೇ ವರ್ಷವೂ ಕೆರೆ ಖಾಲಿ ಮಾಡುತ್ತೇವೆ.

ಸ್ಪ್ರಿಂಕ್ಲರ್ ನಿಲ್ಲಿಸಿದ ಮೇಲೆ ಉಳಿಯುವ ಗುಂಡಿಯ ನೀರೇ ಮುಖ್ಯ. ಎಲ್ಲರೂ ಅಲ್ಲಿಗೆ ಬಿಟ್ಟುಬಿಡುತ್ತಾರೆ. ಬಾಯಲ್ಲಿ ಮರಿ ಇಟ್ಟುಕೊಂಡ ಜಿಲೇಬಿ ಬದುಕಿ ಉಳಿಯುವುದೂ ಅಲ್ಲೇ. ಆ ಗುಂಡಿಗೆ ಬಲೆ ಎಳೆಯಬೇಕು. ಮೊದಲು ನಮ್ಮ ಸ್ಥಳೀಯ ಮೀನುಗಳನ್ನು ಆರಿಸಿ ನೀರಿನ ಡ್ರಮ್ಮಿಗೆ ಹಾಕಿ ನೆರಳಲ್ಲಿ ಇಡಬೇಕು. ಕೊರವ ಅನ್ನುವ, ಬೇರೆ ಮೀನು ತಿನ್ನುವ ನಮ್ಮ ಮೀನು ಸಿಕ್ಕರೆ ಜೋಪಾನ, ಅದು ಮುಂದೆ ಬೇಕು. ಆಮೇಲೆ ಪಂಪಿನ ಫುಟ್‌ವಾಲ್ವಿಗೆ ಬಲೆ ಸುತ್ತಿ ಉಳಿದ ನೀರನ್ನು ಎತ್ತಬೇಕು. ಎತ್ತಿದ ನೀರು ತೋಟದ ಒಳಗೇ ಇಂಗಲಿ, ತೋಡಿಗೆ ಹೋಗಬಾರದು. ಕೆಸರಿನಲ್ಲಿ ಒದ್ದಾಡುವುದನ್ನು ಬೆಳ್ಳಕ್ಕಿಗಳು ಬಂದು ಆರಿಸಿಕೊಳ್ಳುತ್ತವೆ. ಕೆಸರು ಬಿರುಕು ಬಿಡುವವರೆಗೆ ಬಿಸಿಲಿಗೆ ಬಿಟ್ಟು, ಸುಣ್ಣ ಎರಚಿದರೆ ಆಯಿತು. ಹೂಳು ತೆಗೆಸುವುದಿದ್ದರೆ ಅದೇ ಸಮಯಕ್ಕೆ ತೆಗೆಸಬಹುದು. ಆ ಮಣ್ಣು ಕಾಫಿ ಬುಡಕ್ಕೆ ಒಳ್ಳೆಯದು.

ಒರತೆ ಇರುವ ಕೆರೆ ಪೂರ್ತಿ ಒಣಗುವುದಿಲ್ಲ. ಅಂಥ ಕಡೆ ಮೀನು ಸಾಕುವವರು ಹಿಪ್ಪೆ ಹಿಂಡಿ ಬಳಸುತ್ತಾರೆ. ಹಿಂಡಿಯಲ್ಲಿರುವ ಸಪೋನಿನ್ ಮೀನಿನ ರಕ್ತಕ್ಕೆ ವಿಷ. ಕೆಲವು ವಾರದಲ್ಲಿ ವಿಷ ಕಳೆದು ಅದೇ ಗೊಬ್ಬರವಾಗುತ್ತದೆ. ಒಂದು ಹೆಕ್ಟೇರಿಗೆ, ಒಂದು ಮೀಟರ್ ಆಳದ ನೀರಿಗೆ 2500 ಕೆಜಿ ಅನ್ನುವುದು ರೂಢಿಯ ಲೆಕ್ಕ. ನೀರು ಕಡಿಮೆ ಇದ್ದಷ್ಟೂ ಹಿಂಡಿ ಕಡಿಮೆ ಸಾಕು, ಹಾಗಾಗಿ ಆದಷ್ಟು ನೀರೆತ್ತಿದ ಮೇಲೆಯೇ ಇದರ ಯೋಚನೆ ಮಾಡಿ. ಮೀನುಗಾರಿಕೆ ಇಲಾಖೆಯವರನ್ನು ಕೇಳಿಕೊಂಡೇ ಮಾಡಿ. ಕೆರೆಯಿಂದ ಒಂದು ಹನಿ ನೀರು ಹೊರಗೆ ಹರಿಯುತ್ತಿದ್ದರೂ ಬೇಡ. ಮೋಡ ಕಟ್ಟಿದ್ದರೆ ಬೇಡ. ದನ ನೀರು ಕುಡಿಯುವ ಕೆರೆಯಾದರೆ ಬೇಲಿ ಕಟ್ಟದೆ ಬೇಡ.

ಮತ್ತೆ ಕೋಡಿಯ ಬಲೆ. ಕೋಡಿಗೆ ಬಲೆ ಕಟ್ಟಿ ಅಂತ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಕೊಡಗಿನ ಮಳೆ ನೋಡಿದವರು ಅದನ್ನು ಅಷ್ಟು ಸಲೀಸಾಗಿ ಹೇಳಲಾರರು. ಜುಲೈನಲ್ಲಿ ಗಾಳಿಮಳೆ ಹಿಡಿದರೆ ಸಿಲ್ವರ್ ಓಕ್ ಎಲೆ ರಾಶಿ ರಾಶಿಯಾಗಿ ತೇಲಿ ಬಂದು ಬಲೆಗೆ ಅಂಟಿಕೊಳ್ಳುತ್ತದೆ. ಕೋಡಿ ಕಟ್ಟಿಕೊಂಡು ನೀರು ಉಕ್ಕಿ ಕೆರೆಯ ಏರಿಯ ಮೇಲೆ ಹರಿಯುತ್ತದೆ. ಏರಿ ಒಡೆದರೆ ಕೆಳಗಿನ ಗದ್ದೆಯೂ ಹೋಯಿತು, ಮೀನೂ ಹೊಳೆಗೆ ಹೋಯಿತು. ನಮ್ಮನೆಯವರು ಇದಕ್ಕೆ ಮಾಡಿದ ಏರ್ಪಾಡು ಚೆನ್ನಾಗಿ ನಡೆಯುತ್ತಿದೆ. ಕೋಡಿಯಿಂದ ನಾಲ್ಕಾರು ಅಡಿ ಒಳಗೆ, ಕೆರೆಯ ನೀರಿನಲ್ಲೇ, ಬಿದಿರಿನ ತಡಿಕೆಯನ್ನು ಅರ್ಧಚಂದ್ರದ ಹಾಗೆ ಓರೆಯಾಗಿ ನಿಲ್ಲಿಸಿದ್ದಾರೆ. ಎಲೆ ಅಲ್ಲೇ ನಿಲ್ಲುತ್ತದೆ. ಅದರ ಹಿಂದೆ ಸಣ್ಣ ಕಣ್ಣಿನ ನೈಲಾನ್ ಬಲೆ, ಅದೂ ಕೋಡಿಯ ಬಾಯಿಗಿಂತ ಹಲವು ಪಟ್ಟು ಅಗಲ. ಬಲೆ ಅಗಲ ಇದ್ದಷ್ಟೂ ನೀರಿನ ಸೆಳೆತ ಕಡಿಮೆ, ಕಸ ಅಂಟುವುದು ಕಡಿಮೆ. ಆದರೂ ಮಳೆ ಜೋರಿದ್ದಾಗ ಬೆಳಿಗ್ಗೆ ಎದ್ದ ಕೂಡಲೇ ಕೊಕ್ಕೆಕೋಲು ಹಿಡಿದು ಎಲೆ ಎಳೆಯಲೇಬೇಕು. ಈ ಕೆಲಸ ಮಾಡೋಕೆ ಆಗದವರು ಜಿಲೇಬಿ ಸಾಕಬಾರದು. ಇದನ್ನು ನಾನು ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳುತ್ತೇನೆ.

ಹೊಳೆಯ ದಡದಲ್ಲೇ ಇರುವವರಂತೂ ಸಾಕಲೇಬಾರದು. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ, ನಮ್ಮ ನೆಲ್ಯಹುದಿಕೇರಿಯ ಮನೆಗಳ ಒಳಗೆ ಕಾವೇರಿ ಬಂದಳು. ಮನೆ ಮುಳುಗಿದ ಕಡೆ ಕೋಡಿಯ ಬಲೆ ಏನು ಮಾಡೀತು? ಕೇರಳದಲ್ಲಿ 2018ರ ನೆರೆ ಇಳಿದ ಮೇಲೆ ಚಾಲಕುಡಿ ಹೊಳೆಯಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿತ್ತು. ಯಾರದೋ ಕೊಳದಿಂದ ತಪ್ಪಿಸಿಕೊಂಡಿದ್ದು.

ಸಾಕಲೇಬೇಕು ಅನ್ನುವವರಿಗೆ ನಮ್ಮ ಕೊರವ ಇದೆ. ಜಿಲೇಬಿ ಮರಿ ಅಲ್ಲಿ ಇಲ್ಲಿ ಉಳಿದಿದ್ದರೆ ಅದನ್ನೂ ಹುಡುಕಿ ತಿನ್ನುತ್ತದೆ. ಡ್ರಮ್ಮಿನ ಕೊರವವನ್ನು ಜೋಪಾನ ಮಾಡಿ ಅಂದಿದ್ದು ಇದಕ್ಕೇ, ಕೆರೆ ತುಂಬಿದ ಮೇಲೆ ವಾಪಸ್ ಬಿಡಿ. ನಮ್ಮ ರಾಜ್ಯದ ಮೀನು ಅಂತ ಆರಿಸಿರುವ ಕರ್ನಾಟಿಕ್ ಕಾರ್ಪ್ ಕೂಡ ಕಾವೇರಿ ಕೊಳ್ಳದ್ದೇ. ಅದರ ಮರಿ ಎಲ್ಲರಿಗೂ ಸುಲಭವಾಗಿ ಸಿಗುವಂತಾಗಬೇಕು. ಕಾಟ್ಲಾ, ರೋಹು ಉತ್ತರದ ನದಿಗಳವು, ಆದರೆ ಸಣ್ಣ ಕೆರೆಯ ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. ಜಿಲೇಬಿಗೆ ಹೋಲಿಸಿದರೆ ಅಷ್ಟರ ಮಟ್ಟಿಗೆ ಪರವಾಗಿಲ್ಲ.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯದಲ್ಲಿ ಚರ್ಚೆಯೇ ಬೇಡ. ಅದನ್ನು ಸಾಕುವುದನ್ನು ಎರಡು ದಶಕಗಳ ಹಿಂದೆಯೇ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ. ಗಾಳಿಯನ್ನೇ ಉಸಿರಾಡಬಲ್ಲ ಮೀನದು. ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಕದ್ದು ಸಾಕುವವರು ಇನ್ನೂ ಇದ್ದಾರೆ. ಗೊತ್ತಿದ್ದರೆ ಇಲಾಖೆಗೆ ತಿಳಿಸಿ.

ಈಗ ಬರೆಯುವುದು ಕೆಲವರಿಗೆ ಬೇಸರ ತರಬಹುದು. ಮಹಶೀರ್ ಅಂದರೆ ನಮಗೆಲ್ಲ ಕಾವೇರಿಯ ಹೆಮ್ಮೆ. ವಾಲ್ನೂರಿಗೆ ಗಾಳ ಹಿಡಿದು ಬರುವವರು ಬರುತ್ತಿದ್ದುದೇ ಅದಕ್ಕಾಗಿ. ಕೆಳಗೆ ರಾಮನಾಥಪುರದಲ್ಲಿ ದೇವರ ಮೀನು ಅಂತ ಕಡಲೆಪುರಿ ಹಾಕುತ್ತೇವೆ. ಆದರೆ ಕಾವೇರಿಯ ನಿಜವಾದ ದೈತ್ಯ ಬೇರೆ. ಬೆನ್ನು ಉಬ್ಬಿರುವ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಸಿಕ್ಕಿದ್ದು 120 ಪೌಂಡ್ ತೂಗಿತ್ತು, ಅಂದರೆ 54 ಕೆಜಿ. ಅಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದು 2018ರಲ್ಲಿ: ಟೋರ್ ರೆಮಾದೇವಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಪಟ್ಟಿಗೂ ಸೇರಿಸಿದರು.

ಇಂದು ಹೊಳೆಯಲ್ಲಿ ಜಾಸ್ತಿ ಕಾಣುವುದು ನೀಲಿ ರೆಕ್ಕೆಯ ಮಹಶೀರ್. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾದವರು ಅದರ ಮರಿ ಮಾಡಿಸೋಕೆ ಶುರು ಮಾಡಿದರು. ಮೀನು ಉಳಿಯಲಿ ಅನ್ನುವ ಪ್ರೀತಿಯಿಂದಲೇ ಆ ಮರಿಗಳನ್ನು ಬೇರೆ ಬೇರೆ ನದಿಗಳಿಗೆ ಕೊಟ್ಟರು, ಕಾವೇರಿಗೂ ಬಂತು. ಕಾವೇರಿ ದಡದ ಗಾಲಿಬೋರೆಯ ಶಿಬಿರದಲ್ಲಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ನೋಡಿದಾಗ, ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗಿತ್ತು. ಗೂನು ಬೆನ್ನಿನದು ಕಡಿಮೆಯಾಗುತ್ತಾ, ಸಿಕ್ಕರೂ ದೊಡ್ಡ ವಯಸ್ಸಿನವೇ ಸಿಗುತ್ತಿದ್ದವು. ಹೊಸ ಮರಿ ಬೆಳೆದು ಬರುತ್ತಿರಲಿಲ್ಲ. ಅದನ್ನು ಓದಿದ ದಿನ ನನಗೆ ತುಂಬಾ ಸಂಕಟವಾಯಿತು. ನೀಲಿ ರೆಕ್ಕೆಯದನ್ನು ಹಿಡಿದು ಕೊಲ್ಲಿ ಅಂತ ನಾನು ಹೇಳುತ್ತಿಲ್ಲ. ಯಾವ ನದಿಗೆ ಯಾವ ಮರಿ ಅಂತ ತಿಳಿದವರು ಪರೀಕ್ಷೆ ಮಾಡದೆ ಇನ್ನು ಮುಂದೆ ಒಂದು ಮರಿಯನ್ನೂ ಕಾವೇರಿಗೆ ಬಿಡಬಾರದು ಅಂತ ಹೇಳುತ್ತಿದ್ದೇನೆ. ಸಭೆ ಮಾಡಿ, ಫೋಟೋ ತೆಗೆದು, ಸೇತುವೆಯ ಮೇಲಿನಿಂದ ಚೀಲ ಸುರಿಯುವ ಕಾರ್ಯಕ್ರಮಗಳಿಗೆ ಹೋದಾಗ ದಯವಿಟ್ಟು ಒಂದು ಪ್ರಶ್ನೆ ಕೇಳಿ: ಇದು ಎಲ್ಲಿಯ ಮೀನು?

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದು ದೊಡ್ಡದಾಯಿತು ಅಂತ ಹೊಳೆಗೆ ಬಿಡುವ ಮಕ್ಕಳಿಗೂ ಇದನ್ನು ಹೇಳಬೇಕು. ಗಾಜು ನೆಕ್ಕುತ್ತಾ ಇರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಅದರ ಮೈಯ ಗಟ್ಟಿ ಚಿಪ್ಪಿನಿಂದ ಅದನ್ನು ನುಂಗೋಕೆ ಬೇರೆ ಮೀನಿಗೆ ಕಷ್ಟ. ಅಂಗಡಿಯವರಿಗೆ ವಾಪಸ್ ಕೊಡಿ, ಇಲ್ಲ ಬೇರೆ ಸಾಕುವವರಿಗೆ ಕೊಡಿ.

ಮೇಲಿನ ತೋಡುಗಳಲ್ಲಿ ಇನ್ನೂ ನಮಗೆ ಸಮಾಧಾನ ಇದೆ. ಭಾಗಮಂಡಲದ ಕಡೆ ಬಂಡೆಗಳ ನಡುವೆ ತಣ್ಣಗೆ ರಭಸವಾಗಿ ಹರಿಯುವ ನೀರು ಜಿಲೇಬಿಗೆ ಒಗ್ಗುವುದಿಲ್ಲ. ಅದಕ್ಕೆ ಬೇಕಾದ್ದು ನಿಂತ ನೀರು, ಬೆಚ್ಚಗಿನ ಮಡು. ಹೊಳೆಗೆ ಎಲ್ಲೆಲ್ಲಿ ಅಡ್ಡ ಕಟ್ಟುತ್ತೇವೋ ಅಲ್ಲೆಲ್ಲ ಅದಕ್ಕೆ ಮನೆ ಮಾಡಿಕೊಟ್ಟ ಹಾಗೆ. ಹರಿಯುವ ಹೊಳೆ ಹರಿಯುತ್ತಾ ಇರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಮಡುಗಳಲ್ಲಿ ಜಿಲೇಬಿ ತಿನ್ನೋಕೆ ನೀರುನಾಯಿಗಳೂ ಇವೆ. ಅವುಗಳನ್ನು ಬಲೆ ಹರಿಯುತ್ತವೆ ಅಂತ ಓಡಿಸಬೇಡಿ.

ಒಂದು ತೋಡಿಗೆ ಸೇರುವ ಕೆರೆಗಳೆಲ್ಲ ಒಂದೇ ಬೇಸಿಗೆಯಲ್ಲಿ ಒಣಗಬೇಕು. ಮೇಲಿನ ಒಂದು ಕೆರೆ ಉಳಿದರೂ ಜೂನ್‌ನಲ್ಲಿ ಅದರ ಮರಿಗಳು ಕೆಳಗಿನ ಕೆರೆಗೆ ಇಳಿಯುತ್ತವೆ. ನಮ್ಮ ತೋಡಿನ ಮೇಲ್ಗಡೆಯವರ ಹತ್ತಿರ ಮಾತಾಡಿದ್ದೇನೆ. ಹೆಚ್ಚಿನವರು ಒಪ್ಪಿದ್ದಾರೆ. ಒಬ್ಬರ ಕೆರೆ ಅಣ್ಣತಮ್ಮಂದಿರ ಪಾಲಿನಲ್ಲಿದೆ, ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದಾರೆ. ಯುಗಾದಿಗೆ ಊರಿಗೆ ಬರುತ್ತಾರಂತೆ, ಆಗ ಕೂತು ಮಾತಾಡಬೇಕು. ಬಲೆ, ಪಂಪು, ಡ್ರಮ್ಮು ನಮ್ಮಲ್ಲಿವೆ. ಸುತ್ತಮುತ್ತಲಿನವರು ಯಾರಿಗೆ ಬೇಕಾದರೂ ಬಂದು ತಗೊಂಡು ಹೋಗಿ, ಡೀಸೆಲ್ ಮಾತ್ರ ನಿಮ್ಮದು. ಗುಂಡಿಗೆ ಬಲೆ ಎಳೆಯೋಕೆ ಆಳು ಸಿಗದಿದ್ದರೆ ಹಿಂದಿನ ದಿನ ಹೇಳಿ, ನಾವೂ ಬರುತ್ತೇವೆ.